ಈಶ್ವರಮ್ಮನ ಹೆಸರಿನ ಮೂರು ಮುಳುಗು

ಕೋಣನಕುಂಟೆಯ ಗಂಗಯ್ಯ ತಣ್ಣೀರಿಗೆ ಹೆದರುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಸಾಮಿಯನ್ನು ನೋಡಿದರೆ ಯಾರೂ ನಂಬುವುದಿಲ್ಲ. ದಪ್ಪ ಮೀಸೆ, ಅಗಲ ಭುಜ, ಕಾವಲಿಯ ಕಾವಿಗೆ ತಾಮ್ರದ ಬಣ್ಣಕ್ಕೆ ತಿರುಗಿದ ಮುಖ. ಜಯನಗರದ ದರ್ಶಿನಿಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೋಸೆ ಹಾಕಿದವನು. ಆಯಸ್ಸೆಲ್ಲ ಬೆಂಕಿಯ ಮುಂದೆ ನಿಂತವನಿಗೆ ಒಂದು ಚೆಂಬು ತಣ್ಣೀರು ಯಾವ ಲೆಕ್ಕ ಅಂತ ನೀವು ಕೇಳಬಹುದು. ಅಲ್ಲೇ ಇರುವುದು ತಮಾಷೆ. ಅವನ ಮೈಗೆ ಬೆಂಕಿಯೇ ಅಭ್ಯಾಸವಾಗಿಹೋಗಿತ್ತು. ಏಪ್ರಿಲ್ ಬಿಸಿಲಲ್ಲೂ ಹೊಗೆಯಾಡುವ ಹಂಡೆ ನೀರೇ ಆಗಬೇಕು. ನಾಲ್ಕು ಹನಿ ಮಳೆ ಬಿದ್ದರೆ ಕಿವಿಗೆ ಹತ್ತಿ. ಮನೆಗೆ ಫ್ರಿಜ್ ಬಂದ ದಿನ ಅದರ ಬಾಗಿಲು ತೆಗೆದು ಒಂದೇ ಸಮ ಸೀನಿದವನು ಆಮೇಲೆ ಅದರ ಹತ್ತಿರ ಸುಳಿಯಲಿಲ್ಲ.

ಇಂಥ ಮನುಷ್ಯ ಗಂಗೋತ್ರಿಯಲ್ಲಿ ಮೂರು ಮುಳುಗು ಹಾಕಿ ಬರುತ್ತೇನೆ ಅಂತ ಪಟ್ಟು ಹಿಡಿದು ಕೂತ.

ಹರಕೆ ಅವನದಲ್ಲ, ಹೆಂಡತಿ ಈಶ್ವರಮ್ಮನದು. ಮಗಳು ಶಾಂತಲಾ ಚಿಕ್ಕವಳಿದ್ದಾಗ ಡೆಂಗ್ಯೂ ಬಂದು, ಪ್ಲೇಟ್‌ಲೆಟ್ ಇಳಿದು, ಆಸ್ಪತ್ರೆಯವರು "ಈಗಲೇ ಏನೂ ಹೇಳಕ್ಕಾಗಲ್ಲ" ಅಂದುಬಿಟ್ಟಿದ್ದರು. ಆವಾಗ ಈಶ್ವರಮ್ಮ ಕಾರಿಡಾರಿನ ಬೆಂಚಿನ ಮೇಲೆ ಕೂತು ಹೇಳಿಕೊಂಡಿದ್ದಳು: ತಾಯಿ ಗಂಗಮ್ಮ, ಮಗೂನ ಉಳಿಸ್ಕೊಡು, ನೀನು ಹುಟ್ಟೋ ಜಾಗಕ್ಕೇ ಬಂದು ಮೂರು ಮುಳುಗು ಹಾಕ್ತೀನಿ. ಮಗಳು ಉಳಿದಳು, ಓದಿದಳು, ಬಿಟಿಎಂ ಲೇಔಟಿನ ಆಫೀಸೊಂದರಲ್ಲಿ ಕೆಲಸಕ್ಕೂ ಸೇರಿದಳು. ಹರಕೆ ಮಾತ್ರ ಹಾಗೇ ಉಳಿಯಿತು. ಇವತ್ತು ನಾಳೆ ಅನ್ನುತ್ತ ಗಂಗಯ್ಯ ಕೆಲಸದಿಂದ ಬಿಡುವಾಗುವ ಹೊತ್ತಿಗೆ ಈಶ್ವರಮ್ಮನ ಹೃದಯ ಕೈಕೊಟ್ಟಿತ್ತು. "ಎತ್ತರದ ಬೆಟ್ಟ, ತಣ್ಣೀರು, ಎರಡೂ ನಿಮಗಾಗಲ್ಲಮ್ಮ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು.

ಅಲ್ಲಿಂದಾಚೆಗೆ ಈಶ್ವರಮ್ಮನಿಗೆ ಅನ್ನ ಸೇರಲಿಲ್ಲ. ಮಗಳಿಗೆ ಸಣ್ಣ ನೆಗಡಿಯಾದರೂ ಸಾಕು, "ನನ್ನಿಂದ್ಲೇ ಇದು. ಹೇಳ್ಕೊಂಡಿದ್ದು ತೀರಿಸ್ಲಿಲ್ಲ" ಎಂದು ಸೆರಗಲ್ಲಿ ಕಣ್ಣೊರೆಸಿಕೊಳ್ಳುವಳು. ಇದು ನಂಬಿಕೆಯೋ ಮೂಢನಂಬಿಕೆಯೋ, ತೂಗಿ ನೋಡುವವರು ನೋಡಿಕೊಳ್ಳಲಿ. ದಿನಾ ಎದುರಿಗೆ ಕೂತು ಅಳುವವಳ ಜೊತೆ ಊಟಕ್ಕೆ ಕೂರಬೇಕಾದವನಿಗೆ ಆ ತಕ್ಕಡಿಯಿಂದ ಏನೂ ಉಪಯೋಗವಿಲ್ಲ.

"ನಿನ್ ಹೆಸರಲ್ಲಿ ನಾನ್ ಮುಳುಗಿ ಬಂದ್ರೆ ನಡಿಯುತ್ತಾ?" ಎಂದು ಗಂಗಯ್ಯ ಒಂದು ದಿನ ಕೇಳಿದ.

ಇದು ನಮ್ಮವರಲ್ಲಿ ಇದ್ದದ್ದೇ. ತೀರ್ಥಕ್ಕೆ ಹೋಗಲಾರದವರ ಹೆಸರನ್ನು ಗಟ್ಟಿಯಾಗಿ ಹೇಳಿ, ಹೋದವರು ಮುಳುಗಿದರೆ ಆ ಮುಳುಗು ಮನೆಯಲ್ಲಿರುವವರಿಗೆ ಸಲ್ಲುತ್ತದೆ. ಹೆಸರು ಮಾತ್ರ ಬಾಯಿ ಬಿಟ್ಟು ಹೇಳಲೇಬೇಕು.

"ನಡಿಯುತ್ತೆ. ಆದ್ರೆ, ನೀವಾ?" ಎಂದು ಈಶ್ವರಮ್ಮ ಎಷ್ಟೋ ತಿಂಗಳ ಮೇಲೆ ನಕ್ಕಳು. ಆ ನಗು ಗಂಗಯ್ಯನಿಗೆ ಚುಚ್ಚಿತು, ಹಾಗೇ ಹಿತವೂ ಆಯಿತು. ಮೇ ತಿಂಗಳಲ್ಲಿ ಹೋಗುವುದೆಂದು ಅವತ್ತೇ ತೀರ್ಮಾನವಾಯಿತು. ಜೊತೆಗೆ ಶಾಂತಲಾ ಬರುತ್ತೇನೆಂದಳು.

ಅಂತೂ ಡಿಸೆಂಬರಿನ ಒಂದು ಬೆಳಗ್ಗೆ ಅಭ್ಯಾಸ ಶುರುವಾಯಿತು. ಶುರುವಾದದ್ದು ಹೇಗೆ ಅಂತೀರಿ! ಹಿತ್ತಲಲ್ಲಿ ಟ್ಯಾಂಕರ್ ನೀರು ತುಂಬಿಸುವ ಸಿಮೆಂಟ್ ತೊಟ್ಟಿ ಇತ್ತು. ಗಂಗಯ್ಯ ಚಡ್ಡಿ ಬಿಗಿದು, ಮೂಗು ಹಿಡಿದು, ದೇವರ ಹೆಸರು ಹೇಳಿ, ತಲೆ ಸಮೇತ ಒಂದೇ ಏಟಿಗೆ ಧುಡುಮ್ಮನೆ ಕುಕ್ಕರಿಸಿದ. ನೀರು ಮೈಗೆ ತಾಗಿದ್ದೇ ತಡ, ಎದೆ ಅವನ ಮಾತು ಕೇಳದೆ ಹಾ ಎಂದು ಉಸಿರೆಳೆದುಕೊಂಡಿತು. ತಲೆ ನೀರೊಳಗಿದ್ದಾಗ ಉಸಿರೆಳೆದರೆ ಒಳಗೆ ಹೋಗುವುದು ನೀರೇ. ಮೇಲೆ ಬಂದವನಿಗೆ ಕೆಮ್ಮಲೂ ಆಗಲಿಲ್ಲ, ಕೂಗಲೂ ಆಗಲಿಲ್ಲ.

ಪುಣ್ಯಕ್ಕೆ ಕಾಂಪೌಂಡಿನ ಆಚೆ ಪಕ್ಕದ ಮನೆಯ ಸಿದ್ಧಾರ್ಥ ಹಲ್ಲುಜ್ಜುತ್ತ ನಿಂತಿದ್ದ. ಜಯನಗರದ ಈಜುಕೊಳದಲ್ಲಿ ಕೋಚ್ ಅವನು. ಹಿಮಾಲಯದ ಕಡೆ ತಣ್ಣೀರಲ್ಲಿ ಈಜಿ ಬಂದ ಹುಚ್ಚೂ ಇತ್ತು. ಬ್ರಷ್ಷು ಬಾಯಲ್ಲಿರುವಂತೆಯೇ ಗೋಡೆ ಹಾರಿ ಬಂದು ರಟ್ಟೆ ಹಿಡಿದೆತ್ತಿದ.

"ಅಂಕಲ್, ಹಿಂಗ್ ಧುಮುಕಿದ್ರೆ ನೀವು ಗಂಗೋತ್ರಿಗಲ್ಲ, ನೇರ ಮೇಲಕ್ಕೇ ಹೋಗ್ತೀರ!"

ಗಂಗಯ್ಯ ಕೆಮ್ಮಿ ಸುಧಾರಿಸಿಕೊಂಡು ಹರಕೆಯ ಕಥೆ ಹೇಳಿದ. ಸಿದ್ಧಾರ್ಥನ ಮನೆಯವರು ಬೌದ್ಧರು. "ನಮ್ಮಲ್ಲಿ ಈ ಮುಳುಗು ಗಿಳುಗು ಇಲ್ಲ ಅಂಕಲ್. ಆದ್ರೆ ಆಂಟಿಗೋಸ್ಕರ ಹೇಳ್ಕೊಡ್ತೀನಿ. ಮೊದ್ಲು ಹೋಗಿ ಬಿಪಿ, ಇಸಿಜಿ ಎಲ್ಲಾ ಮಾಡಿಸ್ಕೊಂಡ್ ಬನ್ನಿ. ಡಾಕ್ಟ್ರು ಆಗ್ಲಿ ಅಂದ್ರೆ ಮಾತ್ರ. ಇನ್ನೊಂದು, ಯಾವತ್ತೂ ಒಬ್ರೇ ಇಳಿಯೋ ಹಾಗಿಲ್ಲ."

ಗಂಗಯ್ಯನ ಹೃದಯ ಗಟ್ಟಿಯಾಗಿದೆ, ಬೆಟ್ಟ ಹತ್ತಲೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದರು. ಆಮೇಲೆ ತೊಟ್ಟಿಯ ಪಕ್ಕ ಗಂಡ, ಹೆಂಡತಿ, ಸಿದ್ಧಾರ್ಥ ಮೂವರೂ ಸೇರಿದರು. ಈಶ್ವರಮ್ಮ ಮಣೆ ಹಾಕಿಕೊಂಡು, ಟವೆಲ್ಲು ಮಡಿಲಲ್ಲಿಟ್ಟುಕೊಂಡು, ಗಂಡನನ್ನು ಆಪರೇಷನ್ನಿಗೆ ಕಳಿಸುವವಳಂತೆ ಕೂತಿದ್ದಳು.

"ತಣ್ಣೀರು ತಾಗಿದ ತಕ್ಷಣ ಉಸಿರು ಕಿತ್ಕೊಳ್ಳುತ್ತೆ. ಅದು ನಿಮ್ ತಪ್ಪಲ್ಲ, ಎಲ್ರಿಗೂ ಹಂಗೇ," ಎಂದ ಸಿದ್ಧಾರ್ಥ. "ಸ್ವಲ್ಪ ಹೊತ್ತು ತಡ್ಕೊಂಡ್ರೆ ತಾನಾಗೇ ಇಳಿಯುತ್ತೆ. ಅಲ್ಲೀವರೆಗೂ ತಲೆ ಒಳಗೆ ಹಾಕಂಗಿಲ್ಲ. ಮೊದ್ಲು ಕೈ, ಮುಖ, ಕುತ್ತಿಗೆ ಒದ್ದೆ ಮಾಡ್ಕೊಳ್ಳಿ. ಸೊಂಟದವರೆಗೆ ಇಳೀರಿ. ಉಸಿರು ನಿಮ್ ಮಾತು ಕೇಳೋ ಹಂಗಾದ್ಮೇಲೆ ಮುಳುಗಿ."

ಗಂಗಯ್ಯನ ಮುಖ ಅರಳಿತು. "ಅಯ್ಯೋ, ಇದು ಕಾವಲಿ ಕಣಪ್ಪ! ಕಾದ ಕಾವಲಿಗೆ ನೀರು ಚಿಮುಕಿಸಿದ್ರೆ ಚುರ್ರ್ ಅನ್ನುತ್ತೆ. ಅದು ಸುಮ್ನಾಗೋ ತನಕ ಹಿಟ್ಟು ಹುಯ್ಯಲ್ಲ ನಾವು."

"ಸಖತ್! ಅದೇ ಅಂಕಲ್. ಉಸಿರು ಹಿಡ್ಕೋಬೇಡಿ, ಉದ್ದಕ್ಕೆ ಆಚೆ ಬಿಡಿ. ಏನಾದ್ರೂ ಕೂಗಿ, ಉಸಿರು ಆಚೆ ಹೋಗ್ಲಿ."

ಏನು ಕೂಗುವುದು? ಸೊಂಟದವರೆಗೆ ನೀರಲ್ಲಿ ನಿಂತು, ಹಲ್ಲು ಕಟಕಟ ಅನ್ನುತ್ತಿರುವಾಗ, ಗಂಗಯ್ಯನ ಬಾಯಿಗೆ ಬಂದದ್ದು ಬದುಕಿಡೀ ಕೇಳಿದ್ದೇ. "ಎರಡ್ ಮಸಾಲೇ! ಒಂದ್ ಸೆಟ್ಟೂ! ಖಾಲಿ ಒಂದ್, ಗರಿಗರೀ!" ಕೂಗು ಉದ್ದವಾದಷ್ಟೂ ಎದೆ ಹಗುರವಾಯಿತು. ಉಸಿರು ಹಿಡಿತಕ್ಕೆ ಬಂತು. ಆಮೇಲೆ ತಲೆ ಒಳಗೆ ಹಾಕಿದ. ಮೇಲೆ ಬಂದಾಗ ಮೀಸೆಯಿಂದ ನೀರು ಸುರಿಯುತ್ತಿತ್ತು, ಮುಖದಲ್ಲಿ ಮದುವೆ ಗಂಡಿನ ಜಂಬ. ಎದುರು ಮನೆಯ ಸೊಣ್ಣಮ್ಮ ಬಾಗಿಲಿಗೆ ಬಂದು "ಏನ್ ಗಂಗಣ್ಣ, ಹಿತ್ಲಲ್ಲಿ ಹೋಟ್ಲು ತೆಗೆದ್ರಾ?" ಎಂದು ಕೇಳಿದಳು.

ಈಶ್ವರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು ನಕ್ಕು ಕೆಮ್ಮಿದಳು. ಒಳಗೆ ಎದ್ದು ಹೋದವಳನ್ನು ಗಂಗಯ್ಯ "ಇವಳೇ!" ಎಂದು ಕೂಗಿ ಟವೆಲ್ಲು ಕೇಳಿದ. "ಬಂದೆ," ಎಂದಳು ಅಡುಗೆಮನೆಯಿಂದ. ಮದುವೆಯಾದಾಗಿನಿಂದ ಆ ಮನೆಯಲ್ಲಿ ನಡೆದು ಬಂದದ್ದು ಹೀಗೇ. ಅವನು "ಇವಳೇ" ಅನ್ನುವುದು, ಅವಳು "ಬಂದೆ" ಅನ್ನುವುದು. ಗಂಡನ ಹೆಸರು ಅವಳು ಹೇಳುವ ಪ್ರಶ್ನೆಯೇ ಇಲ್ಲ. ಹೆಂಡತಿಯ ಹೆಸರು ಹಿಡಿದು ಕರೆಯಲು ಅವನಿಗೂ ನಾಚಿಕೆ. ಆ ಕಾಲದವರು, ಇನ್ನೇನು ಮಾಡುತ್ತೀರಿ.

ಸಂಕ್ರಾಂತಿ ಕಳೆದು ಬೆಂಗಳೂರಿನ ನೀರು ಬೆಚ್ಚಗಾಗತೊಡಗಿದಾಗ ಐಸು ಬೇಕಾಯಿತು. ಜ್ಯೂಸ್ ಅಂಗಡಿಯ ವಿಜಯಕುಮಾರ್ ಹೊಟ್ಟು ಮೆತ್ತಿದ ಐಸ್ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಟಿವಿಎಸ್ ಮೇಲೆ ತಂದು ಹಾಕಿದ. ಇಲ್ಲೇ ಎಡವಟ್ಟಾದದ್ದು. ಐಸ್ ನೀರಿನ ಮೊದಲ ದಿನ ಗಂಗಯ್ಯನಿಗೆ ಹುರುಪು ಹೆಚ್ಚಾಗಿ, ಸಿದ್ಧಾರ್ಥ ಸಾಕು ಸಾಕು ಅಂದರೂ ಇನ್ನೊಂದು, ಇನ್ನೊಂದು ಎಂದು ಮುಳುಗಿದ. ಎದ್ದ ಮೇಲೆ ಮೈ ಗಡಗಡ. ತುಟಿ ನೇರಳೆಹಣ್ಣು. ಸಿದ್ಧಾರ್ಥ ಕೊಳದ ಕೆಲಸಕ್ಕೆ ಹೊತ್ತಾಯಿತೆಂದು "ಬೆಚ್ಚಗೆ ಹೊದ್ಕೊಂಡ್ ಕೂತ್ಕೊಳ್ಳಿ" ಎಂದು ಹೇಳಿ ಓಡಿದ.

ಈಶ್ವರಮ್ಮ ಎದ್ದು ಹಂಡೆಯ ಕಡೆ ನಡೆದಳು. ನಡುಗುವ ಗಂಡನನ್ನು ಕಣ್ಣೆದುರು ಇಟ್ಟುಕೊಂಡು ಯಾವ ಹೆಂಗಸು ಸುಮ್ಮನೆ ಹೊದಿಸಿ ಕೂರಿಸುತ್ತಾಳೆ? ಹಂಡೆಯಲ್ಲಿ ನೀರು ಮರಳುತ್ತಿತ್ತು. ನೆಗಡಿಗೆ, ಮೈಕೈ ನೋವಿಗೆ, ಬಾಣಂತಿಗೆ, ದುಃಖಕ್ಕೆ, ನಮ್ಮ ಹೆಂಗಸರಿಗೆ ಎಲ್ಲದಕ್ಕೂ ಹಂಡೆ ನೀರೇ ಮದ್ದು. ಬಚ್ಚಲಿಗೆ ಕರೆದೊಯ್ದು, ತಡೆಯುವಷ್ಟು ತಣ್ಣೀರು ಬೆರೆಸಿ, ಬುರುಬುರು ಎಂದು ಹುಯ್ದಳು. ಆಹಾ ಎಂದ ಗಂಗಯ್ಯ. ಇನ್ನೆರಡು ಚೆಂಬು ಬೀಳುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಬಚ್ಚಲ ಕಲ್ಲಿನ ಮೇಲೆ ಕುಸಿದ.

ಪಾಪ, ಅವಳು ಪಕ್ಕದಲ್ಲೇ ಕೂತು ಎದೆ ಬಡಿದುಕೊಂಡು ಕೂಗಿದಳು. ಸೊಣ್ಣಮ್ಮ ಓಡಿ ಬಂದಳು, ಆಟೋ ಬಂತು, ಡಾಕ್ಟರು ನೋಡಿದರು. ದೊಡ್ಡದೇನೂ ಆಗಿರಲಿಲ್ಲ, ಹಣೆಯ ಮೇಲೆ ಬುಗುಟು ಒಂದು. ಮನೆಗೆ ಬಂದು ಮಲಗಿಸಿದ ಮೇಲೆ ಈಶ್ವರಮ್ಮ ಗೋಡೆಗೊರಗಿ ಕೂತಳು.

"ನಂಗೆ ಹರಕೆನೂ ಬೇಡ, ಏನೂ ಬೇಡ. ಆ ತೊಟ್ಟಿ ಒಡೆಸ್ತೀನಿ. ನಿಮ್ಮನ್ನ ಕೊಟ್ಟು ತೀರಿಸೋ ಹರಕೆ ನಂಗ್ಯಾಕೆ?"

"ಒಡೆಸು," ಎಂದ ಗಂಗಯ್ಯ. "ಡ್ರಮ್ಮು ತರಿಸ್ತೀನಿ."

"ಸತ್ರೆ?"

"ಸಾಯಲ್ಲ. ಸಾಯದೇ ಇರೋದು ಹೆಂಗೆ ಅಂತ ಕಲೀತೀನಿ. ನೀನ್ ದಿನಾ ಅಳೋದು ನೋಡಿ ನೋಡಿ ಸಾಕಾಗಿದೆ ಕಣೇ. ಇಳಿದಾಗಿದೆ, ಅರ್ಧಕ್ಕೆ ಹತ್ತೋನಲ್ಲ ನಾನು."

ಸಂಜೆ ಬಂದ ಸಿದ್ಧಾರ್ಥ ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತ. "ಹಂಡೆ ನೀರಿನ ವಿಷಯ ನಂಗೆ ಹೊಳೀಲೇ ಇಲ್ಲ ಆಂಟಿ, ತಪ್ಪು ನಂದು. ತಣ್ಣೀರಿಂದ ಎದ್ದ ತಕ್ಷಣ ಬಿಸಿನೀರು ಹುಯ್ದ್ರೆ ರಕ್ತ ಎಲ್ಲಾ ಚರ್ಮಕ್ಕೆ ನುಗ್ಗಿ ಬಿಪಿ ಬಿದ್ದೋಗುತ್ತೆ. ಒರೆಸಿ, ಒಣ ಬಟ್ಟೆ ಹಾಕಿ, ತಲೆಗೆ ಟೋಪಿ, ಕಾಲಿಗೆ ಸಾಕ್ಸು, ಕುಡಿಯಕ್ಕೆ ಬೆಚ್ಚಗೆ ಏನಾದ್ರೂ. ನಡುಕ ತಾನಾಗೇ ನಿಲ್ಲುತ್ತೆ. ಎದ್ಮೇಲೂ ಸ್ವಲ್ಪ ಹೊತ್ತು ಮೈ ಇನ್ನೂ ತಣ್ಣಗಾಗ್ತಾನೇ ಇರುತ್ತೆ, ಅದಕ್ಕೇ ಬಟ್ಟೆ ಮೊದ್ಲೇ ಜೋಡಿಸಿಟ್ಟಿರಬೇಕು."

ಆಮೇಲೆ ಗಂಗಯ್ಯನ ಕಡೆ ತಿರುಗಿದ. "ನೀವು ಸಾಕು ಅಂದಾಗ ಏಳ್ಲಿಲ್ಲ. ಇದೊಂದು ಕಲೀರಿ. ಹೆಬ್ಬೆರಳು ಕಿರುಬೆರಳಿಗೆ ಮುಟ್ಟಿಸಿ ನೋಡಿ. ಮುಟ್ಟಿದ್ರೆ ಸರಿ. ಮುಟ್ಲಿಲ್ವಾ, ಏನೇ ಬಾಕಿ ಇರ್ಲಿ, ಎದ್ದು ಬರಬೇಕು."

ಈಶ್ವರಮ್ಮ ಅಂಗೈ ಚಾಚಿದಳು. "ಭಾಷೆ ಕೊಡಿ. ಬೆರಳು ಕೂಡ್ಲಿಲ್ಲ ಅಂದ್ರೆ ಎದ್ದು ಬರ್ತೀನಿ ಅಂತ. ಆಗ ಮಾತ್ರ ಕಳಿಸ್ತೀನಿ." ಗಂಗಯ್ಯ ಅವಳ ಅಂಗೈಗೆ ಕೈ ಬಡಿದು ಭಾಷೆ ಕೊಟ್ಟ.

ಅಲ್ಲಿಂದ ಮುಂದೆ ಎಲ್ಲಾ ಕ್ರಮವಾಗಿ ನಡೆಯಿತು. ತೊಟ್ಟಿಯ ಪಕ್ಕ ಒಣ ಬಟ್ಟೆ ಹಾಕಿಕೊಳ್ಳುವ ಸರದಿಯಂತೆ ಮಡಿಸಿಟ್ಟಿರುವುದು. ಈಶ್ವರಮ್ಮನ ಶುಂಠಿ ಮೆಣಸಿನ ಕಷಾಯ, ಹಿಂದೆಯೇ ರಾಗಿ ಗಂಜಿ. ಉಗಾದಿ ಹೊತ್ತಿಗೆ ಐಸ್ ತೇಲುವ ನೀರಿಗೆ ಗಂಗಯ್ಯ, ಹೊಸ ಸೊಸೆ ಹೊಸ್ತಿಲು ದಾಟುವಷ್ಟು ನಿಧಾನವಾಗಿ ಇಳಿದು, ಕೂಗಿ, ಮುಳುಗಿ, ಎದ್ದು ಬರುತ್ತಿದ್ದ. ಎದ್ದ ಮೇಲೆ ದಿನವೆಲ್ಲಾ ಒಂದು ಥರಾ ಗೆಲುವು. ಕಿವಿಯ ಹತ್ತಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಒಂದು ದಿನ ಯಾರೂ ಹೇಳದೆ ಫ್ರಿಜ್ ತೆಗೆದು ತಣ್ಣನೆ ಮಜ್ಜಿಗೆ ಕುಡಿದುಬಿಟ್ಟ.

ಇಷ್ಟಾದರೆ ಸಾಕಿತ್ತು. ಆದರೆ ರಸ್ತೆಗೆಲ್ಲಾ ಸುದ್ದಿ ಹಬ್ಬಿತು ನೋಡಿ! "ಗಂಗಣ್ಣ, ನನ್ ಹೆಸರಲ್ಲೂ ಒಂದ್ ಮುಳುಗು" ಎಂದಳು ಸೊಣ್ಣಮ್ಮ. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವಳಿಗೆ ಇಲ್ಲ ಅನ್ನಲಾದೀತೇ? ಐಸ್ ಕೊಟ್ಟ ವಿಜಯಕುಮಾರ್ ತನಗೊಂದು, ತಾಯಿಗೊಂದು ಎಂದ. ಹಾಲಿನ ಬೂತಿನ ಸಿದ್ದಲಿಂಗಯ್ಯ, ಟೈಲರ್ ಇಂದ್ರಾಣಿ, ಇಂದ್ರಾಣಿಯ ಅತ್ತೆ ಬೈರಮ್ಮ. ಜೀವನಪೂರ್ತಿ ಆರ್ಡರ್ ತೆಗೆದುಕೊಂಡ ಮನುಷ್ಯ, ಬಾಯಿಂದ ಇಲ್ಲ ಅನ್ನುವ ಮಾತೇ ಹೊರಡಲಿಲ್ಲ. "ಆಗ್ಲಿ, ಆಗ್ಲಿ" ಎಂದು ತಲೆಯಲ್ಲಿ ಜೋಡಿಸಿಟ್ಟುಕೊಂಡ.

"ಇದೇನು ಮಸಾಲೆ ದೋಸೇನಾ?" ಎಂದು ಬೈದಳು ಈಶ್ವರಮ್ಮ. "ನಂದಾದ್ರೂ ಜ್ಞಾಪಕ ಇರುತ್ತೋ ಇಲ್ವೋ!"

ಜ್ಞಾಪಕ ಇಲ್ಲದೆ ಏನು. ಆದರೆ ಹೋಟೆಲಿನ ರೂಢಿ ಒಂದಿದೆಯಲ್ಲ, ಗಿರಾಕಿಗಳದ್ದೆಲ್ಲಾ ಮುಗಿದ ಮೇಲೆ ಒಳಗಿನವರ ತಟ್ಟೆ. ಗಂಗಯ್ಯ ಯಾವ ಯೋಚನೆಯೂ ಇಲ್ಲದೆ ಹೆಂಡತಿಯ ಮುಳುಗನ್ನು ಕೊನೆಗಿಟ್ಟ.

ಮೇ ತಿಂಗಳಲ್ಲಿ ತಂದೆ ಮಗಳು ಹೊರಟರು. ದಾರಿಯಲ್ಲಿ ಅಲ್ಲಲ್ಲಿ ತಂಗಿ, ಎತ್ತರಕ್ಕೆ ಮೈ ಒಗ್ಗಿಸಿಕೊಂಡು ಗಂಗೋತ್ರಿ ಸೇರಿದರು. ಹೊಳೆ ಬೂದಿ ಬಣ್ಣಕ್ಕೆ ಮೊರೆಯುತ್ತಿತ್ತು. ಮೆಟ್ಟಿಲಲ್ಲಿ ಜನ ಕಿರುಚುತ್ತ ಚೆಂಬಿನಿಂದ ತಲೆಗೆ ಹುಯ್ದುಕೊಂಡು ಓಡುತ್ತಿದ್ದರು. ಶಾಂತಲಾ ಒಣ ಬಟ್ಟೆ, ಟೋಪಿ, ಫ್ಲಾಸ್ಕಿನ ಕಷಾಯ ಜೋಡಿಸಿಕೊಂಡು ಪಕ್ಕದಲ್ಲೇ ನಿಂತಳು. ಗಂಗಯ್ಯ ಮೆಟ್ಟಿಲಿಗೆ ಬಿಗಿದಿದ್ದ ಸರಪಳಿ ಹಿಡಿದು ಇಳಿದ. ಕೈ, ಮುಖ, ಕುತ್ತಿಗೆ. ಕೋಣನಕುಂಟೆಯ ತೊಟ್ಟಿಯ ನೀರು ಇದರ ಮುಂದೆ ಪಾಯಸ. ಆದರೂ ಹಲ್ಲು ಕಚ್ಚಿ ನಿಂತ, ಚುರ್ರ್ ಅನ್ನುವುದು ನಿಲ್ಲುವ ತನಕ ಕಾದ, ಆಮೇಲೆ ಕೂಗಿದ.

"ಸೊಣ್ಣಮ್ಮಾ!" ಮುಳುಗು. "ವಿಜಯಕುಮಾರಾ!" ಮುಳುಗು. ಅವನ ತಾಯಿ, ಸಿದ್ದಲಿಂಗಯ್ಯ, ಇಂದ್ರಾಣಿ, ಬೈರಮ್ಮ. ಒಂದೊಂದು ಹೆಸರೂ ಆರ್ಡರಿನಂತೆ ಸಲೀಸಾಗಿ ಬಂತು. ಇನ್ನು ಉಳಿದದ್ದು ಮನೆಯವಳದ್ದು.

ಬಾಯಿ ತೆರೆದ. ಹೆಸರು ಹೊರಡಲಿಲ್ಲ. ಇಷ್ಟು ವರ್ಷ ಹೇಳದ ಹೆಸರು, ಮೇಲೆ ಮಗಳು ನಿಂತಿದ್ದಾಳೆ, ಸುತ್ತ ಇಷ್ಟು ಜನ. ಇವಳೇ ಅಂದರೆ ಗಂಗೆಗೆ ಯಾರು ಅಂತ ಗೊತ್ತಾಗಬೇಕು? ಹೂಂ, ಈಗ ಹೇಳುತ್ತೇನೆ ಅಂದುಕೊಂಡ. ಕೂಗದೆ ನಿಂತದ್ದಕ್ಕೆ ಉಸಿರು ಮತ್ತೆ ಎದೆಯಲ್ಲಿ ಗಂಟು ಕಟ್ಟಿತು. ಹೆಬ್ಬೆರಳನ್ನು ಕಿರುಬೆರಳ ಕಡೆ ತಂದ. ಅದು ಅರ್ಧ ದಾರಿಯಲ್ಲೇ ನಿಂತಿತು. ಇನ್ನೊಂದು ಸಲ ಪ್ರಯತ್ನಪಟ್ಟ. ಮುಟ್ಟಲಿಲ್ಲ.

ಇನ್ನು ಮೂರೇ ಮೂರು ಮುಳುಗು! ಇದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲಾ? ಒಂದು ಕ್ಷಣ ಭಾಷೆಯೂ ಬೇಡ ಗೀಷೆಯೂ ಬೇಡ ಅನ್ನಿಸಿತು. ಆಮೇಲೆ ಬಚ್ಚಲ ಕಲ್ಲಿನ ಹತ್ತಿರ ಕೂತು ಎದೆ ಬಡಿದುಕೊಂಡ ಈಶ್ವರಮ್ಮನ ಮುಖ ಕಣ್ಣ ಮುಂದೆ ಬಂತು. ಗಂಗಯ್ಯ ಸರಪಳಿ ಹಿಡಿದು ಮೆಟ್ಟಿಲು ಹತ್ತಿದ. ಅಭ್ಯಾಸದ ಇಷ್ಟು ತಿಂಗಳಲ್ಲಿ ಅದಕ್ಕಿಂತ ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ. ಮಗಳು ಒರೆಸಿ, ಹೊದಿಸಿ, ಟೋಪಿ ಎಳೆಯುವಾಗ ಚಿಕ್ಕ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ.

ನಡುಕ ನಿಂತ ಮೇಲೆ ಫೋನು ಮಾಡಿದರು. ಸಿಗ್ನಲ್ ಸಿಕ್ಕಿದ್ದೇ ಪುಣ್ಯ.

"ಆಯ್ತಾ?" ಎಂದಳು ಈಶ್ವರಮ್ಮ.

"ರಸ್ತೆಯೋರದ್ದೆಲ್ಲಾ ಆಯ್ತು. ನಿಂದಾಗ್ಲಿಲ್ಲ. ಬೆರಳು ಕೂಡ್ಲಿಲ್ಲ, ಎದ್ದು ಬಂದ್ಬಿಟ್ಟೆ." ಹೆಸರು ಹೇಳಲು ನಾಚಿಕೆಯಾದದ್ದನ್ನೂ ಮುಚ್ಚಿಡದೆ ಹೇಳಿದ.

ಬೈಗುಳಕ್ಕೆ ಕಾದು ಕೂತ ಗಂಗಯ್ಯನಿಗೆ ಕೇಳಿಸಿದ್ದು ಮೂಗು ಒರೆಸಿಕೊಂಡ ಸದ್ದು. "ಎದ್ದು ಬಂದ್ರಲ್ಲ, ಅದು ನಂಗೆ ಸಾಕು," ಎಂದಳು. "ನಾಳೆ ಒಂದಿನ ಇರ್ತೀರಲ್ಲ? ನಾಳೆ ನನ್ನೊಬ್ಬಳದ್ದೇ. ಬೇರೆ ಯಾರ್ದೂ ಆರ್ಡರ್ ತಗೋಬೇಡಿ."

ಮಾರನೆಯ ದಿನ ಬಿಸಿಲೇರಿದ ಮೇಲೆ ಗಂಗಯ್ಯ ಮತ್ತೆ ಮೆಟ್ಟಿಲಿಗೆ ಬಂದ. ಶಾಂತಲಾ ಅಮ್ಮನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಹಿಡಿದು ನಿಂತಳು. ಸೊಂಟದವರೆಗೆ ನೀರು. ಚುರ್ರ್ ಅನ್ನುವುದು ನಿಂತಿತು. ಗಂಗಯ್ಯ ಎಡಕ್ಕೆ ನೋಡಲಿಲ್ಲ, ಬಲಕ್ಕೆ ನೋಡಲಿಲ್ಲ. ಎದೆಯಲ್ಲಿದ್ದ ಉಸಿರನ್ನೆಲ್ಲಾ ಆಚೆ ಹಾಕಿ, ಹೊಳೆಯ ಮೊರೆತವನ್ನೂ ಮೀರಿ ಕೂಗಿದ.

"ಈಶ್ವರಮ್ಮಾ!"

ಮುಳುಗಿದ. ಎದ್ದ. ಮತ್ತೆ ಕೂಗಿದ, ಮುಳುಗಿದ. ಮೂರನೆಯದಕ್ಕೆ ಧ್ವನಿ ಒಡೆಯಿತು, ಆದರೂ ಪೂರ್ತಿ ಹೇಳಿಯೇ ಮುಳುಗಿದ. ಬೆರಳು ನೋಡಿಕೊಂಡ. ಹೆಬ್ಬೆರಳು ಕಿರುಬೆರಳು ಸಲೀಸಾಗಿ ಮುಟ್ಟಿದವು. ಇನ್ನೂ ಎರಡು ಹಾಕಬಹುದಿತ್ತು. ಹಾಕದೆ ಹತ್ತಿ ಬಂದ.

ಶಾಂತಲಾ ಅವನ ತಲೆ ಒರೆಸುತ್ತಿದ್ದಳು. ಅವಳ ಕಣ್ಣು ತುಂಬಿತ್ತು.

"ಅಪ್ಪಾ, ನಿಂಗೆ ನೀರೊಳಗೆ ಕೇಳಿರಲ್ಲ," ಎಂದಳು. "ನೀನ್ ಹೆಸರು ಕೂಗ್ದಾಗ ಅಮ್ಮ ಅಲ್ಲಿಂದ ಓಗೊಟ್ಲು. ಮೂರು ಸಲಾನೂ. 'ಬಂದೆ' ಅಂದ್ಲು."